ಮೇಸ್ತ್ರಿಯ ಗೆರೆ

ವೇದಿಕೆಯಲ್ಲಿ ಆಸೀನರಾಗಿರುವ ಸಭಾಧ್ಯಕ್ಷರೂ ಈ ಶಾಲೆಯ ಪಿ.ಟಿ.ಎ. ಅಧ್ಯಕ್ಷರೂ ಆದ ಶ್ರೀ ಹರಿನಾಥರೇ, ಮಾನ್ಯ ಪ್ರಿನ್ಸಿಪಾಲರೇ, ವಾರ್ಡ್ ಮೆಂಬರರೇ, ನನ್ನನ್ನು ಶೆಡ್ಡಿನಿಂದ ಇಲ್ಲಿಯ ತನಕ ಹೊರಡಿಸಿಕೊಂಡು ಬಂದ ವಸುಮತಿ ಟೀಚರೇ, ಫ್ಯಾನಿನ ಕೆಳಗೆ ಜಾಗ ಸಿಕ್ಕಿದ ಹೆತ್ತವರೇ, ಸಿಗದೆ ಕಿಟಕಿಯ ಹತ್ತಿರ ನಿಂತಿರುವ ಹೆತ್ತವರೇ, ಡ್ಯಾನ್ಸಿನ ಉಡುಪು ಹಾಕಿಕೊಂಡು ಈ ಭಾಷಣ ಯಾವಾಗ ಮುಗಿಯುತ್ತದೆ ಎಂದು ಪರದೆಯ ಹಿಂದಿನಿಂದ ಇಣುಕುತ್ತಿರುವ ಮಕ್ಕಳೇ, ಎಲ್ಲಾ ಸಭಿಕರೇ,

ಮೊದಲನೆಯದಾಗಿ ಒಂದು ಕ್ಷಮೆ ಕೇಳಬೇಕು. ಈಗಷ್ಟೇ ಹರಿನಾಥರು ನನಗೆ ಶಾಲು ಹೊದಿಸಿದಾಗ ನಾನು ಗಾಬರಿಯಿಂದ ಹೆಗಲು ಕೊಡವಿಕೊಂಡದ್ದನ್ನು ನೀವೆಲ್ಲ ನೋಡಿದಿರಿ, ಮಕ್ಕಳು ನಕ್ಕರು ಕೂಡ. ಮೂವತ್ತೆರಡು ವರ್ಷದಿಂದ ಸೀತಾಂಗೋಳಿಯಲ್ಲಿ ವೆಲ್ಡಿಂಗ್ ಶೆಡ್ಡು ಇಟ್ಟುಕೊಂಡವನು ನಾನು. ನಮ್ಮ ಹೆಗಲಿಗೆ ಎಂತ ಬಿದ್ದರೂ ಅದು ಕಿಡಿಯೇ. ಕೊಡವಿಕೊಳ್ಳುವುದು ಅಭ್ಯಾಸವಾಗಿ ಹೋಗಿದೆ. ಶಾಲು ಬಿದ್ದದ್ದು ಇದೇ ಮೊದಲು.

ಎರಡನೆಯದು, ಈ ಭಾಷಣವನ್ನು ನನ್ನ ಮಗಳು ದೀಪ್ತಿ ಎರಡು ಹಾಳೆಯಲ್ಲಿ ಬರೆದುಕೊಟ್ಟಿದ್ದಾಳೆ. ಅವಳು ಬ್ಯಾಂಕಿನಲ್ಲಿ ಇರುವುದು, ಅಕ್ಷರ ಚಂದ ಉಂಟು. ಮೊದಲ ಸಾಲಿನಲ್ಲೇ 'ಈ ಸನ್ಮಾನಕ್ಕೆ ನಾನು ಅರ್ಹನಲ್ಲ' ಎಂದು ಬರೆದಿದ್ದಾಳೆ. ಎಲ್ಲರೂ ಹಾಗೆಯೇ ಶುರು ಮಾಡುವುದಂತೆ, ಅದೊಂದು ಮರ್ಯಾದೆಯಂತೆ. ಆಗಲಿ, ನಾನೂ ಓದುತ್ತೇನೆ. ಈ ಸನ್ಮಾನಕ್ಕೆ ನಾನು ಅರ್ಹನಲ್ಲ. ಆದರೆ ನಾನು ಇದನ್ನು ಮರ್ಯಾದೆಗೆ ಹೇಳಿದ್ದಲ್ಲ ಎಂದು ಸ್ವಲ್ಪ ಹೊತ್ತಿನಲ್ಲಿ ನಿಮಗೇ ಗೊತ್ತಾಗುತ್ತದೆ.

ಸನ್ಮಾನ ಪತ್ರದಲ್ಲಿ ಎಂತ ಬರೆದಿದ್ದಾರೆ? 'ಕಡಿಮೆ ಖರ್ಚಿನಲ್ಲಿ ನಮ್ಮ ಮಕ್ಕಳಿಂದ ಗೋ-ಕಾರ್ಟ್ ತಯಾರಿಸಿದ ಮಾರ್ಗದರ್ಶಿ.' ನೋಡದವರಿಗೆ ಹೇಳುತ್ತೇನೆ: ಗೋ-ಕಾರ್ಟ್ ಎಂದರೆ ಬಾಗಿಲು ಇಲ್ಲ, ತಲೆಯ ಮೇಲೆ ಮಾಡು ಇಲ್ಲ, ನೆಲದಿಂದ ಒಂದು ಗೇಣು ಮೇಲೆ ಓಡುವ ನಾಲ್ಕು ಚಕ್ರದ ಸಣ್ಣ ರೇಸು ಗಾಡಿ. ಕೂತವನ ಬೆನ್ನು ರಸ್ತೆಗೆ ತಾಗೀತೋ ಎಂದು ಕಾಣುತ್ತದೆ. ಓಣಂ ರಜೆ ಮುಗಿದ ವಾರ ವಸುಮತಿ ಟೀಚರು ಪ್ಲಸ್ ಟುವಿನ ಮೂರು ಮಕ್ಕಳನ್ನು ಕರೆದುಕೊಂಡು ನನ್ನ ಶೆಡ್ಡಿಗೆ ಬಂದರು. ಫಾಯಿಝಾ, ಪೂಜಾಶ್ರೀ, ಅಕ್ಷಿತ್. ಜಿಲ್ಲಾ ಮಟ್ಟದ ಸ್ಪರ್ಧೆ ಉಂಟು, ಇಪ್ಪತ್ತು ಸಾವಿರದ ಒಳಗೆ ಗಾಡಿ ಆಗಬೇಕು, ಎಲ್ಲಾ ಕೆಲಸ ಮಕ್ಕಳ ಕೈಯದ್ದೇ ಆಗಬೇಕು ಎಂದರು. ದೊಡ್ಡವರು ಬಾಯಿಯಲ್ಲಿ ಹೇಳಬಹುದು, ಕೈ ಹಾಕಬಾರದು. ಹಾಗೆಂದು ಒಂದು ಕಾಗದಕ್ಕೆ ನನ್ನ ಸಹಿಯೂ ಬೇಕು. ನಮ್ಮ ಕಡೆಯ ಆಫೀಸುಗಳಲ್ಲಿ ಅದಕ್ಕೆ ಸತ್ಯವಾಙ್ಮೂಲ ಎನ್ನುತ್ತಾರೆ. ಹೇಳಿದ್ದು ಸತ್ಯ ಎಂದು ಬರೆದುಕೊಡುವ ಕಾಗದ. ನಾನು ಕೈ ಒರೆಸಿಕೊಂಡು ಸಹಿ ಹಾಕಿದೆ. ಸುಕುಮಾರ ಎಂದು ಪೂರ್ತಿ ಬರೆದೆ.

ಇಪ್ಪತ್ತು ಸಾವಿರಕ್ಕೆ ಎಂತ ಬರುತ್ತದೆ ಮಾರಾಯರೇ? ಹೊಸ ಎಂಜಿನ್ನಿಗೇ ಅದಕ್ಕಿಂತ ಜಾಸ್ತಿ. ಹಾಗಾಗಿ ನಾವು ಗುಜರಿ ಅಂಗಡಿಗಳಿಗೆ ತೀರ್ಥಯಾತ್ರೆ ಹೊರಟೆವು. ಗೇರಿಲ್ಲದ ಹಳೆ ಸ್ಕೂಟರೊಂದು ಸಿಕ್ಕಿತು, ಅದರ ಎಂಜಿನ್ನಿನ ಒಳಗೆ ಇರುವೆ ಸಂಸಾರ ಮಾಡಿತ್ತು. ಓಮ್ನಿ ವ್ಯಾನಿನ ಸ್ಟಿಯರಿಂಗು ಸಿಕ್ಕಿತು. ಸೀಟಿಗೆ ಇದೇ ಶಾಲೆಯ ಸ್ಟಾಫ್ ರೂಮಿನ ಕಾಲು ಮುರಿದ ಫೈಬರ್ ಕುರ್ಚಿ. ಆ ಕುರ್ಚಿಯಲ್ಲಿ ಹತ್ತು ವರ್ಷ ಕೂತ ಮಾಷ್ ಇಲ್ಲೇ ಇದ್ದಾರೆ, ಅದು ಇಷ್ಟು ವೇಗವಾಗಿ ಓಡಬಲ್ಲದು ಎಂದು ಅವರಿಗೆ ಗೊತ್ತಿರಲಿಲ್ಲ. ಗಾಡಿಯ ಅಸ್ಥಿಪಂಜರಕ್ಕೆ ಶಾಮಿಯಾನದವರು ಬಿಸಾಡಿದ ಪೈಪು. ಆ ಪೈಪಿನ ಮೇಲೆ ಸತುವಿನ ಲೇಪ ಇರುತ್ತದೆ, ಅದನ್ನು ಉಜ್ಜಿ ತೆಗೆಯದೆ ಬೆಸೆದರೆ ಬಿಳಿ ಹೊಗೆ ಬಂದು ಜ್ವರ ಬರುತ್ತದೆ. ಆ ಮೂರು ಮಕ್ಕಳು ಹನ್ನೆರಡು ದಿನ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಉಜ್ಜಿದರು. ನಾನು ಬಾಯಿಯಲ್ಲಿ ಮಾತ್ರ ಹೇಳುತ್ತಿದ್ದೆ.

ಬಾಯಿಯಲ್ಲಿ ಹೇಳುವುದರಲ್ಲಿ ನಾನು ಕಮ್ಮಿಯವನಲ್ಲ. ಶೆಡ್ಡಿನ ಗೋಡೆಗೆ ಚಾಕ್‌ಪೀಸಿನಲ್ಲಿ ನಿಯಮ ಬರೆದಿಟ್ಟೆ. ಕನ್ನಡಕ ಇಲ್ಲದೆ ಬೆಳಕು ನೋಡಬಾರದು. ಚಪ್ಪಲಿ ಹಾಕಿ ಬರಬಾರದು, ಶೂಸ್ ಬೇಕು. ಬೆಸೆದ ಜಾಗಕ್ಕೆ ನೀರು ಹಾಕಬಾರದು, ತಾನಾಗಿ ತಣಿಯಬೇಕು. ಈ ಮೂರನೆಯದನ್ನು ನಾನು ಎಷ್ಟು ಸಲ ಹೇಳಿದೆನೆಂದರೆ, ಅಕ್ಷಿತ್ ಚಾಯ ಆರಿಸಿಕೊಳ್ಳುವಾಗಲೂ 'ಮಾಮ, ತಾನಾಗಿ ತಣಿಯಬೇಕು' ಎನ್ನುತ್ತಿದ್ದ.

ಮೂಲೆಗಳಿಗೆ ಆಧಾರವಾಗಿ ತ್ರಿಕೋನದ ತಗಡು ಬೇಕಿತ್ತು, ಹದಿನೆಂಟು. ಮಕ್ಕಳು ಕತ್ತರಿಸಿದರೆ ಒಂದರ ಹಾಗೆ ಒಂದು ಇಲ್ಲ. ಪೂಜಾಶ್ರೀಯ ಅಮ್ಮ ಸುಂದರಿಯಕ್ಕ ವರ್ಕಾಡಿಯಲ್ಲಿ ಬೀಡಿ ಕಟ್ಟುವವರು. ಮಗಳನ್ನು ಕರೆದುಕೊಂಡು ಹೋಗಲು ಬಂದವರು ಬಾಗಿಲಲ್ಲಿ ನಿಂತು ನೋಡಿ, 'ಎಂತ ಮೇಸ್ತ್ರಿ, ಎಲೆ ಕತ್ತರಿಸಲಿಕ್ಕೆ ನಾವು ಅಚ್ಚು ಇಟ್ಟುಕೊಳ್ಳುವುದಿಲ್ಲವಾ? ಅಚ್ಚು ಇಟ್ಟು ಕತ್ತರಿಸಿದರೆ ಸಾವಿರ ಎಲೆಯೂ ಒಂದೇ' ಎಂದರು. ಮರುದಿನ ಒಂದು ತಗಡನ್ನೇ ಅಚ್ಚು ಮಾಡಿದೆವು. ಹದಿನೆಂಟೂ ಒಂದೇ. ಸುಂದರಿಯಕ್ಕ ಅಲ್ಲಿ ಬಲಗಡೆ ಕೂತಿದ್ದಾರೆ. ಅವರಿಗೆ ನಾನು ಹೇಳಬೇಕಾದದ್ದು ಇನ್ನೊಂದು ಉಂಟು, ಅದು ಮತ್ತೆ.

ಎಂಜಿನ್ನು, ಚೈನು ಪೂಜಾಶ್ರೀಯದ್ದು, ಓಡಿಸುವುದೂ ಅವಳೇ. ಬ್ರೇಕು ಅಕ್ಷಿತ್‌ನದ್ದು. ವೆಲ್ಡಿಂಗು ಫಾಯಿಝಾಳದ್ದು.

ಇಲ್ಲಿ ದೀಪ್ತಿಯ ಮೊದಲ ಹಾಳೆ ಮುಗಿಯಿತು. ಎರಡನೆಯದರಲ್ಲಿ ಧನ್ಯವಾದಗಳು ಉಂಟು. ಅದನ್ನು ಆಮೇಲೆ ಓದುತ್ತೇನೆ.

ಫಾಯಿಝಾ ಯಾರೆಂದು ನಿಮಗೆ ಗೊತ್ತು. ದುಬಾಯಿಯಲ್ಲಿರುವ ನಿಯಾಸನ ಮಗಳು, ಮಮ್ಮಾಲಿಚ್ಚನ ಮೊಮ್ಮಗಳು. ಮಮ್ಮಾಲಿಚ್ಚ ಎಂದರೆ ನನ್ನ ಮೇಸ್ತ್ರಿ. ನಾನು ಹತ್ತನೆಯದರಲ್ಲಿ ಫೇಲಾಗಿ ಅವರ ಶೆಡ್ಡಿಗೆ ಸೇರಿದವನು, ಹನ್ನೊಂದು ವರ್ಷ ಅಲ್ಲೇ ಇದ್ದೆ. ಅವರು ಎಡಗೈಯವರು. ಬೆಸುಗೆಯ ಗೆರೆಯನ್ನು ಹತ್ತಿರದಿಂದ ನೋಡಿದರೆ ಮೀನಿನ ಪರೆಯ ಹಾಗೆ ಸಣ್ಣ ಸಣ್ಣ ಅಲೆ ಕಾಣುತ್ತದೆ. ನಮ್ಮಂಥ ಬಲಗೈಯವರ ಅಲೆ ಒಂದು ಕಡೆಗೆ ಹೋದರೆ ಎಡಗೈಯವರದ್ದು ಇನ್ನೊಂದು ಕಡೆಗೆ. ಮಮ್ಮಾಲಿಚ್ಚನ ಗೆರೆ ಮಿಷನಿನಲ್ಲಿ ಹೊಲಿದ ಹಾಗೆ ಇರುತ್ತಿತ್ತು. ಕುಂಬಳೆಯಿಂದ ಬದಿಯಡ್ಕದ ತನಕ ಎಷ್ಟೋ ಗೇಟುಗಳಲ್ಲಿ ಇವತ್ತಿಗೂ ಅದನ್ನು ನಾನು ಬಸ್ಸಿನಿಂದ ಇಳಿಯದೆ ಗುರುತು ಹಿಡಿಯುತ್ತೇನೆ.

ಅವರ ಶೆಡ್ಡಿನಲ್ಲಿ ಒಂದು ಕ್ರಮ ಇತ್ತು. ಕೆಲಸ ಯಾರು ಬೇಕಾದರೂ ಮಾಡಲಿ, ಮಾಲು ಹೊರಗೆ ಹೋಗುವ ಮೊದಲು ಅದರ ಮೇಲೆ ಎರಡು ಬೆರಳು ಉದ್ದದ ಒಂದು ಗೆರೆಯನ್ನು ಮೇಸ್ತ್ರಿಯೇ ಎಳೆಯಬೇಕು. ಬೇಕೋ ಬೇಡವೋ, ಎಳೆಯಬೇಕು. ಅದಕ್ಕೆ ಮೇಸ್ತ್ರಿಯ ಗೆರೆ ಎನ್ನುತ್ತಿದ್ದೆವು. ನಾನು ಮೂರು ದಿನ ಬೆವರು ಸುರಿಸಿ ಮಾಡಿದ ಗೇಟಿನ ಮೇಲೆ ಅವರು ಚಾಯ ಕುಡಿದು ಬಂದು ಒಂದು ಗೆರೆ ಎಳೆದು ಹೋಗುತ್ತಿದ್ದರು. ಗಿರಾಕಿ ಹೇಳುವುದು, 'ಇದು ಮಮ್ಮಾಲಿಯ ಗೇಟು.' ನನಗೆ ಹೊಟ್ಟೆ ಉರಿಯುತ್ತಿತ್ತು ಸ್ವಾಮಿ. ಹನ್ನೊಂದು ವರ್ಷ ಉರಿಯಿತು. ಕೊನೆಗೆ ಅವರಿಗೆ ಕಣ್ಣಿಗೆ ಪೊರೆ ಬಂತು, ಆಗಲೂ ಬಿಡಲಿಲ್ಲ. ತಡವಿ ತಡವಿ ಎಳೆಯುತ್ತಿದ್ದರು, ಗೆರೆ ಸೊಟ್ಟ ಆಗುತ್ತಿತ್ತು. ಅವರು ನಮಾಜಿಗೆ ಹೋದ ಮೇಲೆ ನಾನು ಅದನ್ನು ಗ್ರೈಂಡರಿನಲ್ಲಿ ಉಜ್ಜಿ ತೆಗೆದು ಸರಿ ಮಾಡುತ್ತಿದ್ದೆ. ನನ್ನ ಸ್ವಂತ ಶೆಡ್ಡಿನಲ್ಲಿ ಈ ಕ್ರಮ ಇರುವುದಿಲ್ಲ ಎಂದು ಆಗ ಆಣೆ ಹಾಕಿಕೊಂಡಿದ್ದೆ. ಶೆಡ್ಡು ಹಾಕಿದ ಮೊದಲ ವಾರವೇ ಹುಡುಗರ ಕೆಲಸದ ಮೇಲೆ ಗೆರೆ ಎಳೆದೆ.

ಫಾಯಿಝಾ ಮೊದಲ ದಿನ ವೆಲ್ಡಿಂಗಿನ ಹೋಲ್ಡರನ್ನು ಎಡಗೈಯಲ್ಲಿ ಹಿಡಿದಳು. ಅಜ್ಜನ ಹಾಗೆಯೇ. ಒಂದು ತಿಂಗಳು ಹಾಳು ಮಾಡಿದಳು, ಕರಗಿ ಬೆಸೆಯಬೇಕಾದ ರಾಡನ್ನು ಕಬ್ಬಿಣಕ್ಕೆ ಅಂಟಿಸಿಕೊಂಡಳು, ಪೈಪು ತೂತು ಮಾಡಿದಳು. ಎರಡನೇ ತಿಂಗಳ ಒಂದು ದಿನ ಬೆಸುಗೆಯ ಮೇಲೆ ಕಟ್ಟಿದ ಕಿಟ್ಟ ತಟ್ಟಿ ತೆಗೆದು, 'ಮಾಮ, ಇದು ಆದೀತಾ?' ಎಂದು ತೋರಿಸಿದಳು. ನಾನು ನೋಡಿದೆ. ಮಮ್ಮಾಲಿಚ್ಚನ ಗೆರೆ. ಹನ್ನೊಂದು ವರ್ಷ ಪಕ್ಕದಲ್ಲೇ ನಿಂತ ನನಗೆ ಬಾರದ್ದು ಆ ಹುಡುಗಿಗೆ ಎರಡು ತಿಂಗಳಲ್ಲಿ ಬಂದಿತ್ತು. ನಾನು ಎಂತ ಹೇಳಿದೆ ಗೊತ್ತುಂಟಾ? 'ಪರವಾಗಿಲ್ಲ' ಎಂದೆ.

ನನ್ನ ಮಗಳೂ ಒಮ್ಮೆ ಕೇಳಿದ್ದಳು. ಒಂಬತ್ತನೇ ಕ್ಲಾಸಿನಲ್ಲಿ ಇರುವಾಗ, 'ಅಪ್ಪಾ, ನಾನೊಮ್ಮೆ ಹಿಡಿಯಲಾ?' ಎಂದು. ಹೆಣ್ಣುಮಕ್ಕಳ ಕಣ್ಣು ಹಾಳಾಗುತ್ತದೆ, ಹೋಗು ಓದು ಎಂದು ಓಡಿಸಿದೆ. ಗಂಡುಮಕ್ಕಳಿಗೆ ಕಣ್ಣು ಇಲ್ಲವಾ? ಇದು ಹಾಳೆಯಲ್ಲಿ ಇಲ್ಲ ದೀಪ್ತಿ, ನನಗೇ ಈಗ ಬಾಯಿಗೆ ಬಂತು. ತಲೆ ತಗ್ಗಿಸಬೇಡ ಮಗಾ.

ವಿಷಯಕ್ಕೆ ಬರುತ್ತೇನೆ.

ಸ್ಪರ್ಧೆಯ ಹಿಂದಿನ ದಿನ ಶುಕ್ರವಾರ. ಗಾಡಿ ತಯಾರಾಗಿತ್ತು, ಕೆಂಪು ಪೇಂಟು ಆಗಿತ್ತು. ಬೆಸುಗೆಗಳಿಗೆ ಮಾತ್ರ ಪೇಂಟು ಹಾಕುವ ಹಾಗಿಲ್ಲ, ತೀರ್ಪುಗಾರರಿಗೆ ಕಾಣಬೇಕು. ಮಧ್ಯಾಹ್ನ ಫಾಯಿಝಾಳ ಅಜ್ಜಿ, ಮಮ್ಮಾಲಿಚ್ಚನ ಹೆಂಡತಿ ಆಯಿಶುಮ್ಮ ಎಲ್ಲರನ್ನೂ ನೈಚೋರಿಗೆ, ಅದೇ ತುಪ್ಪದ ಅನ್ನಕ್ಕೆ, ಕರೆದಿದ್ದರು. 'ನೀವು ನಡೆಯಿರಿ, ನಾನು ಬೀಗ ಹಾಕಿ ಬರುತ್ತೇನೆ' ಎಂದೆ. ಮಕ್ಕಳು ಹೋದರು. ಶೆಡ್ಡಿನಲ್ಲಿ ನಾನು ಮತ್ತು ಗಾಡಿ. ನಾಳೆ ಇದು ಹೊರಗೆ ಹೋಗುತ್ತದೆ, ನನ್ನ ಶೆಡ್ಡಿನಿಂದ ಹೋಗುತ್ತದೆ, ಇದರ ಮೇಲೆ ನನ್ನದು ಎಂತದೂ ಇಲ್ಲ.

ಮುಂದಿನ ಚಕ್ರ ತಿರುಗುವ ಕಡೆ ಒಂದು ಬ್ರಾಕೆಟ್ ಉಂಟು. ಅದು ಬಿಟ್ಟರೆ ಚಕ್ರ ಹೋಯಿತು, ಸ್ಟಿಯರಿಂಗು ಹೋಯಿತು. ಅಲ್ಲಿ ಗೆರೆ ಸ್ವಲ್ಪ ತೆಳು ಆಯಿತೇನೋ ಎಂದು ನನಗೆ ನಾನೇ ಹೇಳಿಕೊಂಡೆ. ಭದ್ರತೆಗೆ ಎಂದು ಹೇಳಿಕೊಂಡೆ. ಹೋಲ್ಡರ್ ಎತ್ತಿಕೊಂಡು ಅವಳ ಗೆರೆಯ ಮೇಲೆ ನನ್ನದೊಂದು ಗೆರೆ ಎಳೆದೆ. ಎರಡು ಬೆರಳು ಉದ್ದ. ಅರ್ಧ ನಿಮಿಷದ ಕೆಲಸ. ಆಮೇಲೆ ಕೈ ತೊಳೆದು ಹೋಗಿ ಆಯಿಶುಮ್ಮ ಬಡಿಸಿದ ನೈಚೋರು ತಿಂದೆ, ಎರಡನೇ ಸಲವೂ ಹಾಕಿಸಿಕೊಂಡೆ. ಬಂದವರೇ ಗಾಡಿಯನ್ನು ಪಿಕಪ್ಪಿಗೆ ಹತ್ತಿಸಿ ಟಾರ್ಪಾಲು ಕಟ್ಟಿದೆವು. ಅವಳು ನೋಡಲಿಲ್ಲ.

ಮರುದಿನ ತೀರ್ಪುಗಾರರು ಟಾರ್ಚು ಹಿಡಿದು ಒಂದೊಂದೇ ಜೋಡಣೆ ನೋಡುತ್ತಾ ಬಂದರು. 'ವೆಲ್ಡಿಂಗ್ ಯಾರದ್ದು?' ಎಂದು ಕೇಳಿದರು. ಫಾಯಿಝಾ ಕೈ ಎತ್ತಿದಳು. ಭಾರಿ ಚಂದ ಉಂಟು ಎಂದರು. ಬ್ರಾಕೆಟ್ಟಿನ ಹತ್ತಿರ ಬಂದಾಗ 'ಇದೂ ನಿನ್ನದೇ ಅಲ್ಲವಾ?' ಎಂದು ಸುಮ್ಮನೆ ಕೇಳಿದರು, ಮುಂದಿನದಕ್ಕೆ ಹೋಗುವವರಿದ್ದರು. ಹೌದು ಎಂದಿದ್ದರೆ ಮುಗಿಯುತ್ತಿತ್ತು. ಅವಳು ಬಗ್ಗಿ ನೋಡಿದಳು. ಬೆರಳಿನಿಂದ ಮುಟ್ಟಿ ನೋಡಿದಳು. ಅಲೆ ತಿರುಗಿತ್ತು.

'ಇಲ್ಲ ಸರ್. ಇದು ನನ್ನ ಕೈ ಅಲ್ಲ' ಎಂದಳು.

'ಮತ್ತೆ ಯಾರದ್ದು?'

'ನನ್ನದಲ್ಲ ಎಂದು ಮಾತ್ರ ನನಗೆ ಗೊತ್ತು.'

ನಾನು ಎಲ್ಲಿದ್ದೆ? ಹಗ್ಗದ ಈಚೆ, ಹತ್ತು ಹೆಜ್ಜೆ ದೂರದಲ್ಲಿ. ಅವಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಈಗ ಕೆಲಸದ ಹುಡುಗರಿಲ್ಲದ ಆ ಶೆಡ್ಡಿನಲ್ಲಿ ಬಲಗೈಯ ವೆಲ್ಡರು ನಾನೊಬ್ಬನೇ ಎಂದು ಅವಳಿಗೆ ಗೊತ್ತಿಲ್ಲವಾ? ಆದರೂ ನೋಡಲಿಲ್ಲ. ನಾನು ಎಂತ ಮಾಡಿದೆ? ಮುಂಡು ಸರಿ ಮಾಡಿಕೊಂಡೆ. ಸಭಿಕರೇ, ಮುಂಡು ಸರಿ ಮಾಡಿಕೊಂಡೆ. ಗಾಡಿಯನ್ನು ಓಡಿಸಲು ಬಿಡಲಿಲ್ಲ, ಅನರ್ಹ ಎಂದು ಒಂದು ಚೀಟಿ ಅಂಟಿಸಿದರು. ನಾಲ್ಕು ತಿಂಗಳು ಕಾದ ಪೂಜಾಶ್ರೀ ಹೆಲ್ಮೆಟ್ಟು ತೆಗೆಯದೆ ಹಾಗೆಯೇ ನಿಂತಿದ್ದಳು. ಒಳಗೆ ಅಳುತ್ತಿದ್ದಳೋ ಎಂತದೋ.

ಆಮೇಲಿನ ಐದು ವಾರ ಊರಿನಲ್ಲಿ ಯಾರು ಎಂತ ಹೇಳಿದರು ಎಂದು ನಾನು ಹೇಳಬೇಕಾಗಿಲ್ಲ, ಹೇಳಿದವರು ಇಲ್ಲಿಯೂ ಇದ್ದೀರಿ. 'ಪೂರಾ ಸುಕುಮಾರನೇ ಮಾಡಿದ್ದು, ಮಕ್ಕಳು ಫೋಟೋಕ್ಕೆ ನಿಂತದ್ದು. ಆ ಹುಡುಗಿ ತನ್ನದೇ ಎಂದು ಸುಳ್ಳು ಹೇಳಲಿಕ್ಕೆ ಹೋಗಿ ಸಿಕ್ಕಿಬಿದ್ದಳು.' ಈ ಮಾತನ್ನು ಚಾಯದಂಗಡಿಯಲ್ಲಿ ನಾನು ಮೊದಲ ಸಲ ಕೇಳಿದಾಗ ನನಗೆ ಒಂದು ಕ್ಷಣ, ಒಂದೇ ಕ್ಷಣ, ಖುಷಿ ಆಯಿತು. ಅಷ್ಟು ಚಂದದ ಗೆರೆ ನನ್ನದು ಎಂದು ಜನ ನಂಬಿದರಲ್ಲ ಎಂದು. ಇದನ್ನು ನನ್ನ ಹೆಂಡತಿಗೂ ಹೇಳಿರಲಿಲ್ಲ.

ಫಾಯಿಝಾ ಶೆಡ್ಡಿಗೆ ಬರುವುದನ್ನು ನಿಲ್ಲಿಸಿದಳು. ಐ.ಟಿ.ಐ.ಗೆ ವೆಲ್ಡರ್ ಕೋರ್ಸಿಗೆ ಹೋಗಬೇಕು ಎಂದಿದ್ದವಳು. ನಿಯಾಸ ಫೋನಿನಲ್ಲಿ 'ಸಾಕು ಕಬ್ಬಿಣದ ಸಹವಾಸ, ಹೆಸರು ಹಾಳಾದದ್ದು ಸಾಲದಾ?' ಎಂದನಂತೆ. ಇದನ್ನು ಹೇಳಿದ್ದು ಆಯಿಶುಮ್ಮ. ಒಂದು ದಿನ ಶೆಡ್ಡಿನ ಎದುರು ರಿಕ್ಷಾ ಇಳಿದು, ಒಳಗೆ ಬಂದು, ಗಂಡ ಕೂರುತ್ತಿದ್ದ ಸ್ಟೂಲಿನಲ್ಲಿ ಕೂತರು. ಆ ಸ್ಟೂಲು ಈಗಲೂ ನನ್ನಲ್ಲೇ ಉಂಟು. ಬೈಯುತ್ತಾರೆ ಎಂದು ನಾನು ಕಾದೆ. 'ಸುಕುಮಾರಾ, ನೀನು ತುಂಬಾ ಬಡವಾಗಿದ್ದೀಯಲ್ಲ, ಊಟ ಮಾಡುತ್ತೀಯಾ ಇಲ್ಲವಾ?' ಎಂದು ಕೇಳಿದರು. ಹೋಗುವಾಗ ಬಾಗಿಲಲ್ಲಿ ನಿಂತು, 'ಅವರ ಗೆರೆಯನ್ನು ನೀನು ಉಜ್ಜಿ ತೆಗೆಯುತ್ತಿದ್ದದ್ದು ಅವರಿಗೆ ಗೊತ್ತಿತ್ತು. ಬೆರಳಿಗೆ ಗೊತ್ತಾಗುತ್ತಿತ್ತಂತೆ. ಹುಡುಗ ಹೇಳಲಿ ಎಂದು ಕಾಯುತ್ತಿದ್ದರು' ಎಂದರು. ಅಷ್ಟೇ.

ಅವತ್ತು ಅವರು ಹೋದ ಮೇಲೆ ನಾನು ಶೆಡ್ಡಿನ ಅರ್ಧ ಶಟರು ಎಳೆದು, ಆ ಬ್ರಾಕೆಟ್ಟನ್ನು ಹ್ಯಾಕ್ಸಾ ಬ್ಲೇಡಿನಲ್ಲಿ ಅಡ್ಡಕ್ಕೆ ಕೊಯ್ದೆ. ಅವಳ ಗೆರೆ ನಿಜವಾಗಿ ತೆಳು ಇತ್ತಾ ಎಂದು ನೋಡಬೇಕಿತ್ತು. ತೆಳು ಇದ್ದರೆ ನನಗೆ ಸ್ವಲ್ಪ ಸಮಾಧಾನ ಆಗುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಕೊಯ್ದ ಮುಖವನ್ನು ಪಾಲಿಶ್ ಪೇಪರಿನಲ್ಲಿ ಉಜ್ಜಿದೆ.

ಆ ತುಂಡು ಇಲ್ಲಿ ಉಂಟು. ಈ ಹಣ್ಣಿನ ಬುಟ್ಟಿಯನ್ನು ಆಚೆ ಇಡುತ್ತೇನೆ, ಟೀಚರೇ, ಸ್ವಲ್ಪ ಹಿಡಿದುಕೊಳ್ಳಿ. ಹಿಂದಿನವರಿಗೆ ಕಾಣಲಿಕ್ಕಿಲ್ಲ, ಹೇಳುತ್ತೇನೆ. ಕೆಳಗೆ ಇರುವುದು ಫಾಯಿಝಾಳದ್ದು. ಬುಡದ ತನಕ ಇಳಿದಿದೆ. ಎರಡು ಕಬ್ಬಿಣ ಒಂದೇ ಆಗಿದೆ, ಎಲ್ಲಿ ಸೇರಿದ್ದು ಎಂದು ಹೇಳಲಿಕ್ಕೆ ಆಗುವುದಿಲ್ಲ. ಮೇಲಿನದು ನನ್ನದು. ನನ್ನದರ ಅಂಚಿನಲ್ಲಿ ಕೂದಲಿನಷ್ಟು ಸಪೂರದ ಒಂದು ಕಪ್ಪು ಗೀಟು ಉಂಟು. ಅದು ಬಿರುಕು. ನನ್ನ ಗೆರೆಯಲ್ಲಿ ಶುರುವಾಗಿ ಕೆಳಗೆ ಅವಳದ್ದರೊಳಗೆ ಇಳಿಯುತ್ತಾ ಹೋಗಿದೆ.

ಸುಂದರಿಯಕ್ಕ, ನಿಮಗೆ ಹೇಳಬೇಕಿದ್ದದ್ದು ಇದೇ. ಅವತ್ತು ಗಾಡಿ ಓಡಿದ್ದಿದ್ದರೆ ಸ್ಟಿಯರಿಂಗಿನಲ್ಲಿ ಕೂತಿರುತ್ತಿದ್ದದ್ದು ನಿಮ್ಮ ಮಗಳು. ಎರಡನೇ ಸುತ್ತಿಗೋ ಮೂರನೇ ಸುತ್ತಿಗೋ ಈ ಬಿರುಕು ಬಾಯಿ ಬಿಡುತ್ತಿತ್ತು. ಫಾಯಿಝಾ 'ನನ್ನ ಕೈ ಅಲ್ಲ' ಎಂದ ಕಾರಣಕ್ಕೆ ಗಾಡಿ ನಿಂತಿತು. ನಾನು ನಿಲ್ಲಿಸಿದ್ದಲ್ಲ.

ಬಿರುಕು ಯಾಕೆ ಬಂತು ಎಂದರೆ... ರಾಡಿನಲ್ಲಿ ಪಸೆ ಇತ್ತೋ ಎಂತದೋ. ಕೆಲವೊಮ್ಮೆ ಬರುತ್ತದೆ.

ಹಾಗಾಗಿ, ಗಾಡಿ ಓಡದಿದ್ದರೂ ತಯಾರಾಯಿತಲ್ಲ ಎಂದು ನೀವು ಹೊದಿಸಿದ ಈ ಶಾಲನ್ನು ನಾನು ಇಟ್ಟುಕೊಳ್ಳುವುದಿಲ್ಲ ಹರಿನಾಥರೇ. ಕೋಪ ಮಾಡಬೇಡಿ. ಮೂರನೇ ಸಾಲಿನಲ್ಲಿ ಮೂರು ಮಕ್ಕಳು ಕೂತಿದ್ದಾರೆ, ಅವರ ಹೆಸರನ್ನು ಇವತ್ತು ಮೈಕಿನಲ್ಲಿ ಯಾರೂ ಕರೆಯಲಿಲ್ಲ. ನಾನು ಕರೆಯುತ್ತೇನೆ. ಫಾಯಿಝಾ. ಪೂಜಾಶ್ರೀ. ಅಕ್ಷಿತ್. ಗಾಡಿ ಪೂರ್ತಿ ಇವರದ್ದು. ಅದರಲ್ಲಿ ನನ್ನದು ಎಂದರೆ ಎರಡು ಬೆರಳು ಉದ್ದದ ತಪ್ಪು, ಅಷ್ಟೇ. ಸತ್ಯವಾಙ್ಮೂಲಕ್ಕೆ ಸಹಿ ಹಾಕಿ ಸುಳ್ಳು ಮಾಡಿದವನು ನಾನು. ಸ್ಪರ್ಧೆ ನಡೆಸಿದವರಿಗೂ ಇದನ್ನು ಬರೆದು ಕಳಿಸಿದ್ದೇನೆ, ಬೆಳಿಗ್ಗೆ ರಿಜಿಸ್ಟರ್ ಪೋಸ್ಟು ಮಾಡಿಯೇ ಇಲ್ಲಿಗೆ ಬಂದದ್ದು.

ಫಾಯಿಝಾ, ಕೊಯ್ದ ಬ್ರಾಕೆಟ್ಟು ಕೊಯ್ದ ಹಾಗೆಯೇ ಉಂಟು. ನಾನು ಸೇರಿಸಲಿಲ್ಲ, ಸೇರಿಸುವುದೂ ಇಲ್ಲ. ಗಾಡಿ ಶೆಡ್ಡಿನಲ್ಲಿ ಮೂರು ಚಕ್ರದಲ್ಲಿ ನಿಂತಿದೆ. ನಿನಗೆ ಮನಸ್ಸಿದ್ದರೆ...

ಎದ್ದಳು. ಬಾಗಿಲಿನ ಕಡೆಯಾ? ಇಲ್ಲ, ಮೆಟ್ಟಿಲಿನ ಕಡೆ ಬರುತ್ತಿದ್ದಾಳೆ. ಬಾ ಮಗಾ, ಜಾಗ್ರತೆ, ವಯರು ಉಂಟು ಕಾಲಡಿಯಲ್ಲಿ. ತುಂಡು ಬೇಕಾ? ತಗೋ. ಅವಳು ಬೆಳಕಿಗೆ ಹಿಡಿದು ನೋಡುತ್ತಿದ್ದಾಳೆ ಸಭಿಕರೇ. ಉಗುರಿನಿಂದ ಬಿರುಕನ್ನು ಗೀರುತ್ತಿದ್ದಾಳೆ. ಎಂತ ಮಗಾ? ಜೋರಾಗಿ ಹೇಳು.

ಹಿಂದಿನವರಿಗೆ ಕೇಳಿಸಿರಲಿಕ್ಕಿಲ್ಲ. 'ನೀರು ಹಾಕಿದ್ದೀರಾ ಮಾಮ?' ಎಂದು ಕೇಳುತ್ತಿದ್ದಾಳೆ.

ಹಾಕಿದೆ.

ಹಾಕಿದೆ ಮಗಾ. ರಾಡಿನ ಪಸೆ ಅಲ್ಲ, ಅದು ಸುಳ್ಳು. ನನ್ನನ್ನು ಊಟಕ್ಕೆ ಕರೆಯಲು ನಿಮ್ಮಲ್ಲಿ ಯಾರಾದರೂ ತಿರುಗಿ ಬರುವ ಮೊದಲು ತಣಿಯಬೇಕಿತ್ತು. ಬಿಸಿ ಇದ್ದರೆ ನಿನಗೆ ಗೊತ್ತಾಗುತ್ತಿತ್ತು. ಒಂದು ಚೊಂಬು ನೀರು ಹೊಯ್ದೆ, ಅದಕ್ಕೇ ಬಿರಿದದ್ದು. ಗೋಡೆಯಲ್ಲಿ ಬರೆದದ್ದು ನನ್ನ ಎದುರೇ ಇತ್ತು. ಇಷ್ಟೆಲ್ಲ ಹೇಳಲಿಕ್ಕೆಂದೇ ಬಂದವನು ಇದೊಂದನ್ನು ಹೇಳದೆ ಇಳಿದುಹೋಗುವವನಿದ್ದೆ.

ಅಕ್ಷಿತ್, ನಗು ಮಾರಾಯ, ನಗು. ತಾನಾಗಿ ತಣಿಯಬೇಕು.

ಅವಳು ತುಂಡನ್ನು ಚೀಲಕ್ಕೆ ಹಾಕಿಕೊಂಡಳು. ಆಗಲಿ. ಸೋಮವಾರ ಪರೀಕ್ಷೆ ಉಂಟಂತೆ. ಮಂಗಳವಾರ ನಾಲ್ಕು ಗಂಟೆಗೆ ಬರುತ್ತಾಳಂತೆ, ರಾಡು ಮಾತ್ರ ಹೊಸ ಪ್ಯಾಕೆಟ್ಟಿನದ್ದು ಬೇಕಂತೆ. ತರಿಸಿಡುತ್ತೇನೆ. ಕೊನೆಯ ಗೆರೆ ಎಳೆಯುವುದು ಮೇಸ್ತ್ರಿ ಎಂಬುದು ನಮ್ಮ ಶೆಡ್ಡಿನ ಕ್ರಮ. ಆ ಕ್ರಮವನ್ನು ನಾನು ತಪ್ಪಿಸುವುದಿಲ್ಲ. ಮಂಗಳವಾರ ಆ ಗೆರೆ ಫಾಯಿಝಾ ಎಳೆಯುತ್ತಾಳೆ. ನಾನು ಸ್ಟೂಲಿನಲ್ಲಿ ಕೂತಿರುತ್ತೇನೆ, ಎರಡು ಕೈಯನ್ನೂ ಮಡಿಲಲ್ಲಿ ಇಟ್ಟುಕೊಂಡು. ದೀಪ್ತಿ, ನಿನಗೆ ರಜೆ ಸಿಕ್ಕಿದರೆ ನೀನೂ ಬಾ. ಅವಳು ಕಲಿಸುತ್ತಾಳೆ.

ಈಗ ಎರಡನೇ ಹಾಳೆ. ಕರೆದು ಕೂರಿಸಿದ ಪಿ.ಟಿ.ಎ.ಗೆ, ಪ್ರಿನ್ಸಿಪಾಲರಿಗೆ, ವಸುಮತಿ ಟೀಚರಿಗೆ, ಮುಂದಿನ ಸಾಲಿನಲ್ಲಿ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿರುವ ಆಯಿಶುಮ್ಮನಿಗೆ, ಶಾಮಿಯಾನದವರಿಗೆ, ಗುಜರಿಯವರಿಗೆ, ಇಷ್ಟು ಹೊತ್ತು ಮೈಕು ಆಫ್ ಮಾಡದ ಮೈಕಿನವರಿಗೆ ನನ್ನ ಧನ್ಯವಾದಗಳು. ಶಾಲು ಇಲ್ಲಿ ಮೇಜಿನ ಮೇಲೆ ಮಡಚಿಟ್ಟಿದ್ದೇನೆ. ಡ್ಯಾನ್ಸಿನ ಮಕ್ಕಳು ಬರಬಹುದು.

ನಮಸ್ಕಾರ.